ಒಂದು ಗೇಣು ತಗ್ಗು

ಈ ವೇದಿಕೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಎಳೆದಿದ್ದೇನೆ. ಉದ್ದ ಒಂದು ಮೀಟರ್, ಅಗಲ ಒಂದು ಮೀಟರ್. ನನ್ನ ಕೈಯಲ್ಲಿರುವುದು ಒಂದು ಲೀಟರಿನ ನೀರಿನ ಬಾಟಲಿ. ಇದನ್ನು ಆ ಚೌಕದೊಳಗೆ ಸಮನಾಗಿ ಹರಡಿದರೆ ನೀರು ಎಷ್ಟು ಎತ್ತರ ನಿಲ್ಲುತ್ತದೆ? ಸರಿಯಾಗಿ ಒಂದು ಮಿಲಿಮೀಟರ್. ಹವಾಮಾನ ವರದಿಯಲ್ಲಿ ಇಷ್ಟು ಮಿಲಿಮೀಟರ್ ಮಳೆ ಎಂದು ಕೇಳುತ್ತೀರಲ್ಲ, ಅದರ ಅರ್ಥ ಇಷ್ಟೇ. ಪ್ರತಿ ಚದರ ಮೀಟರಿಗೆ ಅಷ್ಟು ಬಾಟಲಿ ನೀರು. ಈ ಚೌಕವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ಮತ್ತೆ ಮತ್ತೆ ಇಲ್ಲಿಗೇ ಬರುತ್ತೇನೆ.

2011ರ ಜುಲೈ 2ರಂದು ಕೋಪನ್‌ಹೇಗನ್ ನಗರದ ಮೇಲೆ ಎರಡು ಮೂರು ಗಂಟೆಯೊಳಗೆ, ಕೆಲವು ಕಡೆ 150 ಮಿಲಿಮೀಟರ್ ಮಳೆ ಸುರಿಯಿತು. ಅಂದರೆ ನಮ್ಮ ಚೌಕದ ಮೇಲೆ 150 ಬಾಟಲಿ. ನೂರು ಚದರ ಮೀಟರಿನ ಒಂದು ಛಾವಣಿಯಿಂದ ಹದಿನೈದು ಸಾವಿರ ಲೀಟರ್. ಒಂದು ಎಕರೆಗೆ ಆರು ಲಕ್ಷ ಲೀಟರ್. ಇಡೀ ನಗರಕ್ಕೆ ಲೆಕ್ಕ ಹಾಕಲು ಹೋದರೆ ಸೊನ್ನೆಗಳೇ ಕಾಣುತ್ತವೆ, ಬೇಡ. ರಸ್ತೆಗಳು ಹೊಳೆಯಾದವು, ನೆಲಮಾಳಿಗೆಗಳು ತುಂಬಿದವು, ಚರಂಡಿಯ ನೀರು ಮೇಲಕ್ಕೆ ಉಕ್ಕಿತು. ಆದ ನಷ್ಟ ಸುಮಾರು 600 ಕೋಟಿ ಡ್ಯಾನಿಶ್ ಕ್ರೋನ್. ಬಡ ನಗರವಲ್ಲ ಅದು, ಯೋಜನೆಯಿಲ್ಲದೆ ಬೆಳೆದ ನಗರವೂ ಅಲ್ಲ. ಒಳಚರಂಡಿ ಅಚ್ಚುಕಟ್ಟಾಗಿತ್ತು. ಆದರೂ ಒಂದು ಸಂಜೆಯ ಮಳೆಗೆ ಕೈಚೆಲ್ಲಿತು.

ಕಾರಣ ಕೊಳವೆಯ ಅಳತೆಯಲ್ಲಿ ಮಾತ್ರ ಇರಲಿಲ್ಲ. ಮಳೆ ಬಿದ್ದ ಮೇಲೆ ನೀರು ಎಲ್ಲಿಗೆ ಹೋಗುತ್ತದೆ ಎನ್ನುವುದರಲ್ಲಿತ್ತು. ಮರಗಿಡಗಳಿರುವ ಸಹಜ ನೆಲದಲ್ಲಿ ಬಿದ್ದ ಮಳೆಯ ಸುಮಾರು ಅರ್ಧ ಭಾಗ ಮಣ್ಣಿಗೆ ಇಂಗುತ್ತದೆ, ನೂರರಲ್ಲಿ 40 ಭಾಗ ಎಲೆಯಿಂದಲೋ ನೆಲದಿಂದಲೋ ಆವಿಯಾಗಿ ಮೇಲೆ ಹೋಗುತ್ತದೆ. ಮೇಲ್ಮೈಯಲ್ಲಿ ಹರಿದುಹೋಗುವುದು ನೂರರಲ್ಲಿ ಹತ್ತು. ಅದೇ ನೆಲದ ಮುಕ್ಕಾಲು ಪಾಲಿಗಿಂತ ಹೆಚ್ಚು ಕಾಂಕ್ರೀಟು, ಡಾಂಬರು ಮುಚ್ಚಿದರೆ ಹರಿದುಹೋಗುವ ಪಾಲು 55ಕ್ಕೆ ಏರುತ್ತದೆ. ಅದೇ ಮೋಡ, ಅದೇ ಮಳೆ, ನೆರೆ ಮಾತ್ರ ಐದೂವರೆ ಪಟ್ಟು. ಮೋಡವನ್ನು ಬೈದು ಏನೂ ಉಪಯೋಗವಿಲ್ಲ, ಹೆಚ್ಚಾದ ಈ ನಾಲ್ಕೂವರೆ ಪಟ್ಟು ನಾವು ಸೇರಿಸಿದ್ದು.

ಇನ್ನೊಂದು ವಿಷಯ ಸಮಯ. ಕಾಂಕ್ರೀಟಿನ ಮೇಲೆ ನೀರು ಓಡುತ್ತದೆ. ಮೇಲಿನ ಬಡಾವಣೆಯ ನೀರು, ನಡುವಿನ ಬಡಾವಣೆಯ ನೀರು, ಕೆಳಗಿನ ಬಡಾವಣೆಯ ನೀರು ಮೂರೂ ಒಂದೇ ಹೊತ್ತಿಗೆ ತಗ್ಗಿನ ಜಾಗಕ್ಕೆ ಬಂದು ಸೇರುತ್ತವೆ. ಮೇಲಿನವರು ಚರಂಡಿ ದೊಡ್ಡದು ಮಾಡಿಕೊಂಡರೆ ಕೆಳಗಿನವರ ಮನೆಗೆ ನೀರು ಇನ್ನೂ ಬೇಗ ನುಗ್ಗುತ್ತದೆ. ಅವರ ಸಮಸ್ಯೆ ಪರಿಹಾರವಾಯಿತು ಎನ್ನುತ್ತೇವೆ, ಆದರೆ ಅದು ಇಳಿಜಾರಿನಲ್ಲಿ ಕೆಳಗೆ ಹೋಯಿತು ಅಷ್ಟೇ. ಹಸಿರು ಮೂಲಸೌಕರ್ಯ ಎಂಬ ದೊಡ್ಡ ಹೆಸರಿನ ಹಿಂದಿರುವ ಕೆಲಸ ಸರಳವಾದದ್ದು. ನೀರನ್ನು ಬಿದ್ದಲ್ಲೇ ಸ್ವಲ್ಪ ಹೊತ್ತು ಹಿಡಿದಿಟ್ಟು, ಅದರ ಓಟ ತಡೆದು, ಇಂಗಲು ಅವಕಾಶ ಕೊಡುವುದು.

ಇಲ್ಲಿ ನಿಮಗೊಂದು ಚಿತ್ರ ತೋರಿಸಬೇಕು. ಮಳೆ ಜೋರಾದಾಗ ಕೊಡೆ ಹಿಡಿದು ಹೊರಗೆ ಹೋಗಿ ನೀರು ಹೇಗೆ ಹರಿಯುತ್ತದೆ ಎಂದು ನೋಡುವ ಅಭ್ಯಾಸ ನನಗೆ ಬಹಳ ವರ್ಷಗಳಿಂದ ಇದೆ. ಯಾವುದೇ ಊರಿಗೆ ಹೋದರೂ ಒಂದು ದೃಶ್ಯ ತಪ್ಪದೆ ಕಾಣುತ್ತದೆ. ರಸ್ತೆಯ ಪಕ್ಕ ಹೂವಿನ ಪಾತಿ. ಚೆನ್ನಾಗಿ ಕತ್ತರಿಸಿದ ಹುಲ್ಲು, ಸಾಲಾಗಿ ಗಿಡ. ಆದರೆ ಪಾತಿಯ ಮಣ್ಣು ರಸ್ತೆಗಿಂತ ಒಂದು ಗೇಣು ಎತ್ತರದಲ್ಲಿ, ಸುತ್ತಲೂ ಸಿಮೆಂಟಿನ ಅಂಚುಗಲ್ಲು. ರಸ್ತೆಯಲ್ಲಿ ಕಣಕಾಲುದ್ದ ನೀರು ಓಡುತ್ತಿದೆ, ಒಂದು ಹನಿಯೂ ಪಾತಿಯೊಳಗೆ ಹೋಗುವುದಿಲ್ಲ. ಸಾಲದ್ದಕ್ಕೆ ಪಾತಿಯ ಮೇಲೆ ಬಿದ್ದ ಮಳೆ ಅಂಚುಗಲ್ಲು ದಾಟಿ, ಕೆಂಪು ಮಣ್ಣನ್ನು ಹೊತ್ತುಕೊಂಡು ರಸ್ತೆಗೆ ಇಳಿಯುತ್ತಿರುತ್ತದೆ. ಮಳೆ ನಿಂತ ಎರಡನೆಯ ದಿನ ಅದೇ ಗಿಡಗಳಿಗೆ ಟ್ಯಾಂಕರಿನಲ್ಲಿ ನೀರು ಬರುತ್ತದೆ.

ಆ ಪಾತಿ ಹಸಿರಾಗಿದೆ, ಆದರೆ ಅದು ಮೂಲಸೌಕರ್ಯವಲ್ಲ. ಅದನ್ನು ರಸ್ತೆಗಿಂತ ಒಂದು ಗೇಣು ತಗ್ಗಿಸಿ, ಅಂಚುಗಲ್ಲಿನಲ್ಲಿ ಎರಡು ಗೇಣಿನಷ್ಟು ಬಾಯಿ ತೆರೆದರೆ ಅದೇ ಜಾಗ, ಅದೇ ಗಿಡ ಬೇರೆಯೇ ಕೆಲಸ ಮಾಡತೊಡಗುತ್ತದೆ. ಇವತ್ತು ನಾನು ಹೇಳಲು ಬಂದ ಮುಖ್ಯ ಮಾತು ಈ ಒಂದು ಗೇಣಿನದು. ಎಷ್ಟು ಗಿಡ ನೆಟ್ಟಿರಿ ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ನೀರು ಆ ಗಿಡದ ಬುಡ ತಲುಪುತ್ತದೆ ಎಂದು ಕೇಳುವವರು ಕಡಿಮೆ.

ತಗ್ಗಿನ ಪಾತಿಯ ಒಳಗೆ ಏನಿರುತ್ತದೆ ಎಂದು ನೋಡೋಣ. ಬಾಯಿಯ ಹತ್ತಿರ ನಾಲ್ಕು ಕಲ್ಲು, ನುಗ್ಗಿ ಬರುವ ನೀರಿನ ರಭಸ ಮುರಿಯಲು. ಅಲ್ಲೇ ಒಂದು ಸಣ್ಣ ಗುಂಡಿ, ಹೂಳೂ ಕಸವೂ ಮೊದಲು ಅಲ್ಲಿ ನಿಲ್ಲಲಿ ಎಂದು. ಆಮೇಲೆ ಎರಡು ಮೂರು ಅಡಿ ಆಳ, ಮರಳು ಬೆರೆಸಿದ ಸಡಿಲ ಮಣ್ಣು. ಅದರ ಕೆಳಗೆ ಜಲ್ಲಿ. ನೀರು ಒಂದು ಗೇಣಿಗಿಂತ ಮೇಲೆ ಏರಿದರೆ ಹೊರಹೋಗಲು ಒಂದು ಕೋಡಿ, ಅದರ ಸಂಪರ್ಕ ಚರಂಡಿಗೆ. ಕೆರೆಗೆ ಕೋಡಿ ಇದ್ದ ಹಾಗೆ ಈ ಪುಟ್ಟ ಪಾತಿಗೂ ಕೋಡಿ ಬೇಕೇ ಬೇಕು. ನೆಡುವ ಗಿಡ ಎರಡು ದಿನ ನೀರಿನಲ್ಲಿ ನಿಂತರೂ ಕೊಳೆಯಬಾರದು, ಎರಡು ತಿಂಗಳು ನೀರಿಲ್ಲದಿದ್ದರೂ ಸಾಯಬಾರದು. ಹೊಳೆಯ ದಂಡೆಯಲ್ಲಿ ತಾನಾಗಿ ಬೆಳೆಯುವ ಹುಲ್ಲುಗಳೂ ಪೊದೆಗಳೂ ಇದಕ್ಕೆ ಹೇಳಿ ಮಾಡಿಸಿದವು.

ಮಣ್ಣಿನ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಹೆಚ್ಚಿನವರು ಸೋಲುವುದು ಇಲ್ಲೇ. ಕಟ್ಟಡ ಕಟ್ಟುವಾಗ ಲಾರಿ, ಜೆಸಿಬಿ ಓಡಾಡಿ ಓಡಾಡಿ ನೆಲ ದಮ್ಮಸ್ಸು ಹೊಡೆದಂತಾಗಿರುತ್ತದೆ. ಅದರ ಮೇಲೆ ನಾಲ್ಕು ಬೆರಳು ಕೆಮ್ಮಣ್ಣು ಹರಡಿ ಹುಲ್ಲಿನ ಹಾಸು ಹೊದಿಸಿದರೆ ನೋಡಲು ಚೆಂದ. ಆದರೆ ನೀರಿಗೆ ಅದು ಸಿಮೆಂಟಿನ ತಂಗಿ. ಬೇರು ಹೋದ ದಾರಿ, ಎರೆಹುಳು ಕೊರೆದ ರಂಧ್ರ, ಕೊಳೆತ ಎಲೆ ಬಿಟ್ಟ ಸಂದು, ನೀರು ಇಳಿಯುವುದು ಇವುಗಳಲ್ಲಿ. ಅದಕ್ಕೇ ಗಿಡಕ್ಕೆ ಮೊದಲು ಮಣ್ಣನ್ನು ಸಡಿಲಗೊಳಿಸಬೇಕು, ಗೊಬ್ಬರ ಸೇರಿಸಬೇಕು, ಆಮೇಲೆ ಅದರ ಮೇಲೆ ಯಾರೂ ತುಳಿಯದಂತೆ, ವಾಹನ ನಿಲ್ಲಿಸದಂತೆ ನೋಡಿಕೊಳ್ಳಬೇಕು.

ಮುಂದಿನ ಸಾಲಿನಲ್ಲಿ ಒಬ್ಬರು ಕೈ ಎತ್ತಿದ್ದಾರೆ. ಸೊಳ್ಳೆ ಬಗ್ಗೆ ಕೇಳುತ್ತಿದ್ದೀರಿ ಅಲ್ಲವೇ? ಸರಿಯಾದ ಪ್ರಶ್ನೆ. ಸೊಳ್ಳೆಯ ಮೊಟ್ಟೆ ಹುಳುವಾಗಿ, ಕೋಶವಾಗಿ, ಹಾರುವ ಸೊಳ್ಳೆಯಾಗಲು ಸಾಮಾನ್ಯವಾಗಿ ಒಂದು ವಾರ, ಹತ್ತು ದಿನ ಬೇಕು. ಪಾತಿಯ ನೀರು 48 ಗಂಟೆಯೊಳಗೆ ಇಂಗಿ ಮುಗಿಯುವಂತೆ ಅಳತೆ ಮಾಡಿರುತ್ತಾರೆ. ಮೂರನೆಯ ದಿನವೂ ನೀರು ನಿಂತಿದ್ದರೆ ಅದು ಕೆಟ್ಟಿದೆ ಎಂದೇ ಅರ್ಥ, ರಿಪೇರಿ ಮಾಡಬೇಕು. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಕೋಪನ್‌ಹೇಗನ್ ಆ ಮಳೆಯ ಮರುವರ್ಷವೇ, 2012ರಲ್ಲಿ, ಕುಂಭದ್ರೋಣ ಮಳೆಗೆಂದೇ ಪ್ರತ್ಯೇಕ ಯೋಜನೆ ಮಾಡಿಕೊಂಡಿತು. ಸುಮಾರು 300 ಕಾಮಗಾರಿ, 20 ವರ್ಷ. ಗುರಿಯನ್ನು ಅವರು ಬರೆದುಕೊಂಡ ರೀತಿ ನನಗೆ ಬಹಳ ಇಷ್ಟ. ನೂರು ವರ್ಷಕ್ಕೊಮ್ಮೆ ಬರುವಂಥ ಮಳೆ ಬಂದರೂ ರಸ್ತೆಯಲ್ಲಿ 10 ಸೆಂಟಿಮೀಟರಿಗಿಂತ ಹೆಚ್ಚು ನೀರು ನಿಲ್ಲಬಾರದು. ನೆರೆಯೇ ಬಾರದಂತೆ ಮಾಡುತ್ತೇವೆ ಎಂದು ಅವರು ಮಾತು ಕೊಡಲಿಲ್ಲ, ಬಂದ ನೀರು ಬಾಗಿಲ ಹೊಸ್ತಿಲು ದಾಟದಂತೆ ನೋಡಿಕೊಳ್ಳುತ್ತೇವೆ ಎಂದರು. ಬರೀ ಕೊಳವೆ ಹಿಗ್ಗಿಸುವುದಕ್ಕಿಂತ ನೆಲದ ಮೇಲೂ ಜಾಗ ಮಾಡಿಕೊಡುವ ಮಿಶ್ರ ದಾರಿಯೇ ಲಾಭದ್ದು ಎಂದು ಅವರ ಲೆಕ್ಕ ಹೇಳಿತು.

ಅಲ್ಲಿನ ಎಂಗ್‌ಹೇವ್ ಉದ್ಯಾನ ಇದಕ್ಕೆ ಒಳ್ಳೆಯ ಮಾದರಿ. 2019ರಲ್ಲಿ ಹೊಸದಾಗಿ ತೆರೆದ ಈ ಹಳೆಯ ಉದ್ಯಾನ ಈಗ ಸುಮಾರು 22 ಸಾವಿರ ಘನ ಮೀಟರ್ ನೀರು ಹಿಡಿಯಬಲ್ಲದು. ಎರಡು ಕೋಟಿ ಇಪ್ಪತ್ತು ಲಕ್ಷ ಲೀಟರ್. ಆಟದ ಅಂಗಳವನ್ನು ತಗ್ಗಿಸಿದ್ದಾರೆ, ಸಣ್ಣ ಮಳೆಗೆ ಅಲ್ಲಿ ಮಾತ್ರ ನೀರು. ಉದ್ಯಾನದ ಅಂಚಿಗೆ ಗಿಡ್ಡ ಗೋಡೆ ಕಟ್ಟಿದ್ದಾರೆ, ಮಾಮೂಲಿ ದಿನ ಜನ ಅದರ ಮೇಲೆ ಕೂತು ಹರಟುತ್ತಾರೆ. ಭಾರಿ ಮಳೆ ಬಂದ ದಿನ ಆ ಜಗಲಿಯೇ ಕಟ್ಟೆಯಾಗುತ್ತದೆ, ಉದ್ಯಾನವೇ ಕೆರೆಯಾಗುತ್ತದೆ. ವರ್ಷದ ಬಹುಪಾಲು ದಿನ ಆಟ, ಬೆರಳೆಣಿಕೆಯ ದಿನ ರಕ್ಷಣೆ. ನೆಲದಡಿಯ ಟ್ಯಾಂಕಿಗೆ ಈ ಗುಣವಿಲ್ಲ. ರಾಟರ್‌ಡ್ಯಾಮ್ ನಗರದ ಬೆಂಥೆಮ್‌ಪ್ಲೇನ್ ಚೌಕವೂ 2013ರಿಂದ ಹೀಗೆಯೇ ಕೆಲಸ ಮಾಡುತ್ತಿದೆ, ಅಲ್ಲಿ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ನೀರು ನಿಲ್ಲುತ್ತದೆ.

ಅಮೆರಿಕದ ಫಿಲಡೆಲ್ಫಿಯಾ ಹಿಡಿದ ದಾರಿ ನೋಡಲು ಅಷ್ಟು ಚೆಂದವಲ್ಲ, ಆದರೆ ಲೆಕ್ಕ ಪಕ್ಕಾ. 2011ರಲ್ಲಿ ಶುರುವಾದ 25 ವರ್ಷಗಳ ಯೋಜನೆ ಅದು. ಅವರು ಎಣಿಸುವುದು ಮರಗಳನ್ನಲ್ಲ, 'ಹಸಿರಾದ ಎಕರೆ'ಗಳನ್ನು. ಒಂದು ಎಕರೆ ಕಾಂಕ್ರೀಟಿನ ಮೇಲೆ ಬೀಳುವ ಮೊದಲ ಒಂದು ಇಂಚು ಮಳೆ ಚರಂಡಿಗೆ ನೇರವಾಗಿ ನುಗ್ಗದಂತೆ ಹಿಡಿದರೆ ಅದು ಒಂದು ಹಸಿರಾದ ಎಕರೆ. ನಮ್ಮ ಚೌಕದ ಲೆಕ್ಕದಲ್ಲಿ 25 ಬಾಟಲಿಗಿಂತ ಸ್ವಲ್ಪ ಹೆಚ್ಚು. ಎಕರೆಗೆ ಸುಮಾರು ಒಂದು ಲಕ್ಷ ಲೀಟರ್. ಹೀಗೆ ಲೀಟರಿನಲ್ಲಿ ಲೆಕ್ಕ ಕೇಳತೊಡಗಿದರೆ ರಸ್ತೆಗಿಂತ ಎತ್ತರದ ಹೂವಿನ ಪಾತಿ ತಾನಾಗಿಯೇ ಲೆಕ್ಕದಿಂದ ಹೊರಗೆ ಬೀಳುತ್ತದೆ.

ಇನ್ನು ನದಿಗಳು. ಸಿಂಗಪುರದ ಬಿಷಾನ್-ಆಂಗ್ ಮೊ ಕಿಯೊ ಉದ್ಯಾನದ ಪಕ್ಕ ಕಲಾಂಗ್ ನದಿ 2.7 ಕಿಲೋಮೀಟರ್ ಉದ್ದದ ನೇರ ಕಾಂಕ್ರೀಟು ನಾಲೆಯಾಗಿ ಹರಿಯುತ್ತಿತ್ತು. ಆ ನಾಲೆಯನ್ನು ಒಡೆದು ಹಾಕಿದರು. 2012ರ ಹೊತ್ತಿಗೆ ಅದು 3.2 ಕಿಲೋಮೀಟರ್ ಉದ್ದದ, ಬಳುಕಿ ಸಾಗುವ ಹೊಳೆಯಾಗಿ ಉದ್ಯಾನದೊಳಗೇ ಹರಿಯತೊಡಗಿತು. ಅದೇ ಎರಡು ತುದಿಗಳ ನಡುವೆ ಅರ್ಧ ಕಿಲೋಮೀಟರ್ ಹೆಚ್ಚು ದಾರಿ. ಅಷ್ಟೂ ನೀರಿನ ಓಟ ನಿಧಾನ. ಮಳೆ ಇಲ್ಲದಾಗ ಮಕ್ಕಳು ಕಲ್ಲಿನಿಂದ ಕಲ್ಲಿಗೆ ಜಿಗಿದು ದಾಟುವ ತೊರೆ. ಜೋರು ಮಳೆ ಬಂದರೆ ನೂರು ಮೀಟರ್‌ವರೆಗೆ ಹಿಗ್ಗುತ್ತದೆ, ಹುಲ್ಲಿನ ದಂಡೆಗಳೆಲ್ಲ ನದಿಯ ಪಾತ್ರವಾಗುತ್ತವೆ. ಹಳೆಯ ನಾಲೆಗಿಂತ ಸುಮಾರು ಶೇಕಡಾ 40ರಷ್ಟು ಹೆಚ್ಚು ನೀರು ಸಾಗಿಸುವ ಶಕ್ತಿ ಅದಕ್ಕಿದೆ. ದಂಡೆ ಕೊಚ್ಚಿಹೋಗದಂತೆ ಹಿಡಿದಿರುವುದು ಬೇರುಗಳು, ಅವುಗಳ ಜೊತೆ ಕಲ್ಲು ಮತ್ತು ಮರದ ದಿಮ್ಮಿ. ಇದನ್ನೆಲ್ಲ ಮೊದಲು ಒಂದು ಸಣ್ಣ ತೊರೆಯ ಮೇಲೆ ಪರೀಕ್ಷಿಸಿ ನೋಡಿ, ಆಮೇಲೆ ನದಿಗೆ ಕೈ ಹಾಕಿದರು. ನೀರು ಏರುವಾಗ ಎಚ್ಚರಿಸಲು ದೀಪ, ಸೈರನ್ ಕೂಡ ಇಟ್ಟರು. ಮಕ್ಕಳು ಇಳಿಯುವ ಜಾಗ ತಾನೇ.

ನೆದರ್‌ಲೆಂಡ್ಸ್ ಶತಮಾನಗಳ ಕಾಲ ಒಡ್ಡು ಎತ್ತರಿಸುತ್ತಲೇ ಬಂದ ದೇಶ. 1995ರಲ್ಲಿ ನದಿಗಳು ಉಕ್ಕಿ ಎರಡೂವರೆ ಲಕ್ಷ ಜನರನ್ನು ಸ್ಥಳಾಂತರಿಸಬೇಕಾಗಿ ಬಂದ ಮೇಲೆ ಅವರ ಯೋಚನೆ ತಿರುಗಿತು. ನೈಮೇಗೆನ್ ನಗರದ ಎದುರು ದಂಡೆಯಲ್ಲಿ ಒಡ್ಡನ್ನು 350 ಮೀಟರ್ ಹಿಂದಕ್ಕೆ ಸರಿಸಿ, ವಾಲ್ ನದಿಗೆ ಪಕ್ಕದಲ್ಲೇ ಇನ್ನೊಂದು ಕವಲು ತೋಡಿಕೊಟ್ಟರು. ಅದಕ್ಕಾಗಿ ಕೆಲವರು ಮನೆ ಬಿಡಬೇಕಾಯಿತು. ಇದನ್ನು ಮುಚ್ಚಿಟ್ಟು ಮಾತಾಡಬಾರದು. ನೀರಿಗೆ ಜಾಗ ಬಿಡುವುದೆಂದರೆ ಯಾರದೋ ಜಾಗ ಬಿಡಿಸುವುದೂ ಹೌದು. ಯಾರದು, ಎಷ್ಟು ಪರಿಹಾರಕ್ಕೆ, ಅವರನ್ನು ಕೇಳಿಯೇ ಅಥವಾ ಕೇಳದೆಯೇ ಎನ್ನುವುದು ಎಂಜಿನಿಯರಿಂಗಿನಷ್ಟೇ ಮುಖ್ಯ.

ನೆರೆಯಷ್ಟು ಸದ್ದು ಮಾಡದೆ ಕೊಲ್ಲುವುದು ಬಿಸಿಲು. 1995ರ ಜುಲೈಯಲ್ಲಿ ಷಿಕಾಗೋ ನಗರದಲ್ಲಿ ಕೆಲವೇ ದಿನಗಳ ಬಿಸಿಗಾಳಿಗೆ 700ಕ್ಕಿಂತ ಹೆಚ್ಚು ಜನ ಸತ್ತರು. ಬಹಳ ಜನ ವಯಸ್ಸಾದವರು, ಬಾಗಿಲು ಹಾಕಿಕೊಂಡು ಒಬ್ಬರೇ ಇದ್ದವರು. ಹಗಲೆಲ್ಲ ಬಿಸಿಲು ಕುಡಿದ ಇಟ್ಟಿಗೆ, ಡಾಂಬರು ರಾತ್ರಿಯಿಡೀ ಅದನ್ನು ಹೊರಗೆ ಬಿಡುತ್ತವೆ, ಮೈಗೆ ಬಿಡುವೇ ಸಿಗುವುದಿಲ್ಲ. ಮರ ಇಲ್ಲಿ ಬರೀ ನೆರಳಲ್ಲ. ಒಂದು ಲೀಟರ್ ನೀರು ಎಲೆಯಿಂದ ಆವಿಯಾಗಿ ಹೋಗುವಾಗ ಸುಮಾರು 0.68 ಯೂನಿಟ್ ವಿದ್ಯುತ್ತಿನಷ್ಟು ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ಮರ ದಿನಕ್ಕೆ 100 ಲೀಟರ್ ನೀರು ಬಿಟ್ಟಿತು ಎಂದುಕೊಳ್ಳಿ, ದೊಡ್ಡ ಮರಕ್ಕೆ ಅದೇನೂ ದೊಡ್ಡದಲ್ಲ. ಒಂದು ಟನ್ನಿನ ಎಸಿ 19 ಗಂಟೆ ಓಡಿ ಹೊರಹಾಕುವಷ್ಟು ಶಾಖ ಅದು. ಎಸಿಯಾದರೋ ಆ ಶಾಖವನ್ನು ಬೀದಿಗೆ, ಪಕ್ಕದ ಮನೆಯವರ ಕಿಟಕಿಗೆ ತಳ್ಳುತ್ತದೆ. ಆದರೆ ಗಮನಿಸಿ, ಮರ ನೀರು ಬಿಡಬೇಕಾದರೆ ಬುಡದಲ್ಲಿ ನೀರಿರಬೇಕು. ಕಾಂಡದವರೆಗೂ ಸಿಮೆಂಟು ಬಳಿದ ಮರ ಬೇಸಗೆಯಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು ಹೇಗೋ ಜೀವ ಹಿಡಿದಿರುತ್ತದೆ ಅಷ್ಟೇ, ತಂಪು ಕೊಡಲಾರದು. ಮಳೆಗಾಲದ ತಗ್ಗು ಪಾತಿಯೇ ಬೇಸಗೆಯ ತಂಪಿಗೂ ಆಧಾರ. ನೆರೆಯ ಕಡತ ಒಂದು ಇಲಾಖೆಯಲ್ಲಿ, ಬಿಸಿಲಿನ ಕಡತ ಇನ್ನೊಂದು ಇಲಾಖೆಯಲ್ಲಿ ಇರಬಹುದು, ಮರ ಮಾತ್ರ ಒಂದೇ.

ಈ ನೆರಳು ಯಾರ ಪಾಲಿಗೆ ಎನ್ನುವುದೂ ಕೇಳಬೇಕಾದ ಪ್ರಶ್ನೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಇಲ್ಲಿ ಸಾಲ ಕೊಟ್ಟರೆ ಅಪಾಯ ಎಂದು ನಕ್ಷೆಯ ಮೇಲೆ ಕೆಂಪು ಬಣ್ಣ ಬಳಿದ ಬಡಾವಣೆಗಳಿದ್ದವು, ಹೆಚ್ಚಾಗಿ ಕಪ್ಪು ಜನರದ್ದು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು 108 ನಗರಗಳ ನೆಲದ ಉಷ್ಣತೆ ಅಳೆದು ನೋಡಿತು. ಆ ಕೆಂಪು ಬಡಾವಣೆಗಳು ಇತರ ಬಡಾವಣೆಗಳಿಗಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿ. ಹಣ ಹೋಗದ ಕಡೆ ಮರವೂ ಹೋಗಲಿಲ್ಲ. ನಕ್ಷೆ ಎಳೆದವರ ಮೊಮ್ಮಕ್ಕಳ ಕಾಲದಲ್ಲೂ ಆ ಬಿಸಿ ಹಾಗೆಯೇ ಇದೆ.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಆದರೆ ಇದನ್ನು ಹೇಳದೆ ಇರಲಾರೆ. 1923ರ ಸೆಪ್ಟೆಂಬರ್ 1ರ ಮಧ್ಯಾಹ್ನ ಟೋಕಿಯೋ ಭೂಕಂಪ. ಅಡುಗೆಯ ಹೊತ್ತು, ಮರದ ಮನೆಗಳು, ಬಿರುಗಾಳಿ. ಸತ್ತ ಒಂದು ಲಕ್ಷಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಜನರನ್ನು ಕೊಂದದ್ದು ಬೆಂಕಿ. ಸುಮಿದಾ ನದಿಯ ಆಚೆ ಹೊಂಜೊ ಎಂಬಲ್ಲಿ ಸೇನೆಯ ಹಳೆಯ ಬಟ್ಟೆ ಗೋದಾಮಿನ ಖಾಲಿ ಜಾಗವಿತ್ತು. ಬಯಲು, ಸುರಕ್ಷಿತ ಎಂದು ಜನ ಹಾಸಿಗೆ, ಪೆಟ್ಟಿಗೆ, ಗಾಡಿಗಳ ಸಮೇತ ಬಂದು ತುಂಬಿದರು. ಬೆಂಕಿ ಸುಳಿಗಾಳಿಯಾಗಿ ಬಂದು ಆ ಸಾಮಾನುಗಳಿಗೆ ಹತ್ತಿತು. ಅದೊಂದೇ ಜಾಗದಲ್ಲಿ ಸುಮಾರು 38 ಸಾವಿರ ಜನ ಸುಟ್ಟುಹೋದರು. ಅಲ್ಲಿಂದ ಬಹಳ ದೂರವಿಲ್ಲದ ಕಿಯೊಸುಮಿ ತೋಟದಲ್ಲಿ ಕೊಳವಿತ್ತು, ದಟ್ಟ ಮರಗಳಿದ್ದವು. ಅಲ್ಲಿ ಹೊಕ್ಕ ಸಾವಿರಾರು ಜನ ಉಳಿದರು. ಬಯಲು ಇದ್ದರೆ ಸಾಲದು, ಸುತ್ತ ನೀರು ತುಂಬಿದ ಎಲೆಗಳ ಬೇಲಿ ಬೇಕು ಎಂದು ಆ ದಿನ ತೋರಿಸಿತು. ಮರುನಿರ್ಮಾಣ ಮಾಡುವಾಗ ಟೋಕಿಯೋ 52 ಸಣ್ಣ ಉದ್ಯಾನಗಳನ್ನು ಮಾಡಿತು, ಪ್ರತಿಯೊಂದೂ ಒಂದು ಪ್ರಾಥಮಿಕ ಶಾಲೆಯ ಪಕ್ಕದಲ್ಲಿ. ಮಕ್ಕಳು ದಿನವೂ ಆಡುವ ಜಾಗವೇ ಆಪತ್ತಿನ ದಿನ ಓಡಿಹೋಗುವ ಜಾಗ, ದಾರಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಕಡಲತೀರದ ಊರುಗಳಿಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು ಇದೇ ಕೆಲಸ ಮಾಡುತ್ತದೆ. 1999ರ ಒಡಿಶಾ ಚಂಡಮಾರುತದ ಬಗ್ಗೆ ಕೇಂದ್ರಪಾಡಾ ಜಿಲ್ಲೆಯ ನಾನೂರಕ್ಕೂ ಹೆಚ್ಚು ಹಳ್ಳಿಗಳನ್ನು ಅಧ್ಯಯನ ಮಾಡಿದವರು, ಕಡಲಿಗೂ ಹಳ್ಳಿಗೂ ನಡುವೆ ಅಗಲವಾದ ಕಾಂಡ್ಲಾ ಇದ್ದಲ್ಲಿ ಸಾವು ಕಡಿಮೆ ಎಂದು ಕಂಡುಕೊಂಡರು. ಅದೇ ಅಧ್ಯಯನದ ಇನ್ನೊಂದು ಮಾತನ್ನೂ ಬಿಡದೆ ಹೇಳಬೇಕು. ಕಾಂಡ್ಲಾಕ್ಕಿಂತ ಎಷ್ಟೋ ಹೆಚ್ಚು ಜೀವ ಉಳಿಸಿದ್ದು ಸಕಾಲದ ಮುನ್ನೆಚ್ಚರಿಕೆ.

ಇದು ನನ್ನನ್ನು ಚೀನಾದ ಝೆಂಗ್‌ಝೌ ನಗರಕ್ಕೆ ತರುತ್ತದೆ. ಭೂದೃಶ್ಯ ವಾಸ್ತುಶಿಲ್ಪಿ ಯು ಕೊಂಗ್‌ಜಿಯಾನ್ ಬಹಳ ಕಾಲದಿಂದ ವಾದಿಸುತ್ತ ಬಂದ 'ಸ್ಪಾಂಜ್ ನಗರ'ವನ್ನು ಚೀನಾ 2015ರಿಂದ ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡಿತು. ನಗರದ ಮೇಲೆ ಬೀಳುವ ಮಳೆಯ ಶೇಕಡಾ 70ನ್ನು ಹಿಡಿಯುವ ಗುರಿ. ಝೆಂಗ್‌ಝೌ ಕೂಡ ಅದಕ್ಕೆ ಅಪಾರ ಹಣ ಸುರಿದಿತ್ತು. 2021ರ ಜುಲೈ 20ರಂದು ಅಲ್ಲಿ ಒಂದೇ ಗಂಟೆಯಲ್ಲಿ 201.9 ಮಿಲಿಮೀಟರ್ ಮಳೆ ಬಿತ್ತು. ಚೌಕದ ಮೇಲೆ 200 ಬಾಟಲಿ, ಒಂದು ಗಂಟೆಯಲ್ಲಿ. ಫಿಲಡೆಲ್ಫಿಯಾದ ಹಸಿರಾದ ಎಕರೆ ಹಿಡಿಯುವುದು ಒಂದು ಲಕ್ಷ ಲೀಟರ್, ಇಲ್ಲಿ ಎಕರೆಗೆ ಬಿದ್ದದ್ದು ಎಂಟು ಲಕ್ಷ. ಸುರಂಗ ರೈಲು ಮಾತ್ರ ಓಡುತ್ತಲೇ ಇತ್ತು, ಅದರೊಳಗೆ ನೀರು ನುಗ್ಗಿ 14 ಜನ ಸತ್ತರು. ನಗರದಲ್ಲಿ ಸತ್ತವರು, ಕಾಣೆಯಾದವರು ಸೇರಿ 380.

ಸ್ಪಾಂಜ್ ನಗರ ಸೋತಿತು ಎಂದು ಆಗ ಬಹಳ ಜನ ಬರೆದರು. ನಾನು ಹಾಗೆ ಹೇಳುವುದಿಲ್ಲ. ಆದರೆ ಸ್ಪಾಂಜು ತುಂಬಿದ ಮೇಲೆ ತುಂಬಿತು. ಎಂಟು ಪಾಲಿನಲ್ಲಿ ಮೊದಲ ಒಂದೆರಡು ಪಾಲನ್ನು ಹಸಿರು ಹಿಡಿಯುತ್ತದೆ. ಉಳಿದದ್ದಕ್ಕೆ ತಗ್ಗಿನ ಉದ್ಯಾನ, ನದಿಗೆ ಬಿಟ್ಟ ಜಾಗ, ಗಟ್ಟಿ ಕಾಲುವೆ ಎಲ್ಲವೂ ಬೇಕು. ಅದನ್ನೂ ಮೀರಿದಾಗ ರೈಲು ನಿಲ್ಲಿಸಿ ಎಂದು ಹೇಳುವ ಅಧಿಕಾರ ಇರುವವರು ಆ ಮಾತನ್ನು ಹೊತ್ತಿಗೆ ಸರಿಯಾಗಿ ಹೇಳಬೇಕು. ಗಿಡ ನೆಟ್ಟಿದ್ದೇವೆ, ಇನ್ನು ಭಯವಿಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ನೆಡುವುದು ಮತ್ತು ಬೆಳೆಸುವುದು ಬೇರೆ ಬೇರೆ. ಸಿಯೆರಾ ಲಿಯೋನ್ ದೇಶದ ಫ್ರೀಟೌನ್‌ನಲ್ಲಿ 2017ರ ಆಗಸ್ಟ್ 14ರಂದು ಗುಡ್ಡ ಕುಸಿದು ಸಾವಿರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಕಾಡು ಕಡಿದ ಇಳಿಜಾರು, ಅದರ ಬುಡದಲ್ಲಿ ಮನೆಗಳು, ಮೂರು ದಿನದ ಮಳೆ. ಆಮೇಲೆ ನಗರ ಹತ್ತು ಲಕ್ಷ ಮರಗಳ ಅಭಿಯಾನ ಶುರುಮಾಡಿತು. ಅದರಲ್ಲಿ ನನಗೆ ಮೆಚ್ಚುಗೆಯಾದದ್ದು ಸಂಖ್ಯೆಯಲ್ಲ. ಪ್ರತಿ ಗಿಡಕ್ಕೂ ಒಂದು ಗುರುತಿನ ಸಂಖ್ಯೆ, ಅದನ್ನು ನೋಡಿಕೊಳ್ಳಲು ಅದೇ ಬಡಾವಣೆಯ ಜನ. ಅವರು ಮತ್ತೆ ಮತ್ತೆ ಹೋಗಿ ಗಿಡ ಬದುಕಿದೆಯೇ ಎಂದು ಮೊಬೈಲಿನಲ್ಲಿ ಚಿತ್ರ ತೆಗೆದು ದಾಖಲಿಸುತ್ತಾರೆ, ಆ ಕೆಲಸಕ್ಕೆ ಅವರಿಗೆ ಹಣ ಸಿಗುತ್ತದೆ. ಕೂಲಿ ನೆಟ್ಟದ್ದಕ್ಕಷ್ಟೇ ಅಲ್ಲ, ಬದುಕಿಸಿದ್ದಕ್ಕೂ.

ಸೊಳ್ಳೆಯ ಪ್ರಶ್ನೆ ಕೇಳಿದವರಿಗೆ ಮಾತು ಕೊಟ್ಟಿದ್ದೆ. ಅವರೇ ಈಗ ಇನ್ನೊಂದು ಕೇಳುತ್ತಿದ್ದಾರೆ, ಈ ತಗ್ಗು ಪಾತಿಯನ್ನು ಯಾರು, ಯಾವಾಗ ಶುಚಿ ಮಾಡಬೇಕು ಎಂದು. ಯಾರು ಎನ್ನುವುದನ್ನು ಗುತ್ತಿಗೆ ಪತ್ರದಲ್ಲಿ ಕಟ್ಟುವ ಮೊದಲೇ ಬರೆಸಿಕೊಳ್ಳಿ, ಮೂರನೆಯ ವರ್ಷದ ಹಣದ ಸಮೇತ. ಯಾವಾಗ ಎಂದರೆ ಮಳೆಗಾಲ ಶುರುವಾಗುವ ಮುಂಚೆ ಒಮ್ಮೆ, ಮೊದಲ ದೊಡ್ಡ ಮಳೆಯ ಮರುದಿನ ಒಮ್ಮೆ, ಎಲೆ ಉದುರುವ ಕಾಲದಲ್ಲಿ ಎರಡು ಸಲ. ಬಾಯಿಗೆ ಅಡ್ಡ ಬಂದ ಒಂದು ಪ್ಲಾಸ್ಟಿಕ್ ಚೀಲ ಸಾಕು ಇಡೀ ಪಾತಿ ನಿರುಪಯೋಗವಾಗಲು, ಅದನ್ನು ಮೊದಲು ತೆಗೆಯಿರಿ. ಹೂಳುಗುಂಡಿ ಅರ್ಧ ತುಂಬಿದ್ದರೆ ಸಲಿಕೆಯಲ್ಲಿ ಎತ್ತಿ. ಮಳೆ ನಿಂತು 48 ಗಂಟೆಯಾದ ಮೇಲೂ ನೀರು ನಿಂತಿದ್ದರೆ ಮಣ್ಣಿನ ಮೇಲೆ ನುಣ್ಣನೆಯ ಕೆಸರಿನ ಒಂದು ಪದರ ಕಟ್ಟಿರುತ್ತದೆ. ಒಣಗಿದಾಗ ಅದು ಹಪ್ಪಳದ ಹಾಗೆ ಬಿರುಕು ಬಿಡುತ್ತದೆ. ಆ ಪದರವನ್ನು ಎರಡು ಬೆರಳು ಆಳ ಕೆರೆದು ತೆಗೆದು, ಮೇಲೆ ಹೊಸ ತರಗೆಲೆ ಹಾಸಿ. ಮುಂದಿನ ಮಳೆಗೆ ಮುನ್ನ ಒಂದು ಬಕೆಟ್ ನೀರು ಸುರಿದಾಗ ಇಳಿಯುವ ಸದ್ದು ಕೇಳುತ್ತದೆ.